ಕಂಬದ ಮೇಲಿನ ಟೀಚರಮ್ಮ

ಹೋದ ಶ್ರಾವಣದಲ್ಲಿ ಒಂದು ನಾಮಕರಣಕ್ಕೆಂದು ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗಿದ್ದೆ. ಊಟ ಮುಗಿದ ಮೇಲೆ ಕಾಲು ತಾನಾಗಿ ಹೊಳೆಯ ಕಡೆ ನಡೆಯಿತು. ನೆನೆದ ಕಲ್ಲು, ಕೆಸರು, ಬಟ್ಟೆ ಸೋಪು ಎಲ್ಲ ಬೆರೆತ ವಾಸನೆ ಮೂಗಿಗೆ ಬಂತು. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾನು ತಲೆಯೆತ್ತಿ ದಂಡೆಯ ಮೇಲೆ ಕಂಬವೊಂದನ್ನು ಹುಡುಕುತ್ತಿದ್ದೇನೆ ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲಿ ಕಂಬವಿರಲಿಲ್ಲ. ನಾನು ನೆನೆಸಿಕೊಳ್ಳುತ್ತಿದ್ದ ಊರು ಅದಲ್ಲ, ಹೊಳೆಗುಂಟ ಇನ್ನೂ ಮೇಲಿನದು. ಆದರೂ ಮಧ್ಯಾಹ್ನದ ಬಿಸಿಲಿನಲ್ಲಿ ಕಿವಿಗೊಟ್ಟು ನಿಂತೇ ಇದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಹಾಸನದಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೆ. ಕೆಳಗೆ ಸೈಕಲ್ ಅಂಗಡಿ, ಮೇಲೆ ನಮ್ಮ ಆಫೀಸು. ಅಕ್ಕಿ ಗಿರಣಿ, ಪಂಪ್‌ಹೌಸುಗಳ ಯಂತ್ರಗಳನ್ನು ಕಂಪ್ಯೂಟರಿನಿಂದ ನಡೆಸುವ ಪ್ರೋಗ್ರಾಮು ಬರೆದುಕೊಡುವುದು ನಮ್ಮ ಕೆಲಸ. ಆ ವರ್ಷ ಗೊರೂರಿನಿಂದ ಕೆಳಗೆ ಹೇಮಾವತಿಯ ದಂಡೆಯಲ್ಲಿ ಖಾಸಗಿಯವರು ಒಂದು ಪುಟ್ಟ ಪವರ್‌ಹೌಸ್ ಕಟ್ಟಿದ್ದರು. ಅಲ್ಲಿ ಯಂತ್ರ ಶುರುವಾದರೆ ಕೆಳಗಿನ ಹೊಳೆಯಲ್ಲಿ ಮೊಣಕಾಲುದ್ದ ಇದ್ದ ನೀರು ನೋಡನೋಡುತ್ತ ಎದೆಯುದ್ದಕ್ಕೆ ಏರುತ್ತಿತ್ತು. ಅದಕ್ಕೆ ಮುಂಚೆ ಹೊಳೆಯಲ್ಲಿದ್ದವರಿಗೆ ತಿಳಿಸಬೇಕು. ದಂಡೆಯುದ್ದಕ್ಕೂ ಅಲ್ಲಲ್ಲಿ ಕಂಬ ನೆಟ್ಟು, ಮೇಲೆ ಮೈಕಿನ ಹಾರ್ನು, ಬ್ಯಾಟರಿ, ಅದನ್ನು ಚಾರ್ಜು ಮಾಡಲು ಬಿಸಿಲಿನ ಪ್ಯಾನೆಲ್ಲು ಕೂರಿಸಿ, ಪವರ್‌ಹೌಸಿನ ಕಂಪ್ಯೂಟರಿನಿಂದ ವೈರ್‌ಲೆಸ್ಸಿನಲ್ಲಿ ಎಚ್ಚರಿಕೆಯ ಮಾತು ಕಳಿಸುವ ಏರ್ಪಾಡು ನಮ್ಮ ಪಾಲಿಗೆ ಬಂತು. ಮಳೆಗಾಲ ಮುಗಿಯುವ ತನಕ ಅಲ್ಲೇ ಇದ್ದು ನೋಡಿಕೊಳ್ಳಲು ನನ್ನನ್ನು ಕಳಿಸಿದರು. ಪವರ್‌ಹೌಸಿನ ಆಪರೇಟರ್ ಬಸವರಾಜು ಅವರ ಮನೆಗೆ ಹೊಂದಿಕೊಂಡಿದ್ದ ಕೋಣೆಯೊಂದು ನನಗೆ ಸಿಕ್ಕಿತು.

ಮಾತು ಯಾರ ದನಿಯಲ್ಲಿರಬೇಕು ಎಂಬ ಪ್ರಶ್ನೆ ಬಂದಾಗ ಬಸವರಾಜು, "ಮೇಗಲಹಳ್ಳಿ ಜಯಲಕ್ಷ್ಮಿ ಟೀಚರ್ರು ಅವ್ರೆ ಮೇಡಂ. ಅವ್ರು ಕೂಗುದ್ರೆ ಇಡೀ ಊರು ತಿರುಕ್ಕಂಡ್ ನೋಡ್ತದೆ," ಎಂದಿದ್ದರು. ಬೇಸಿಗೆ ರಜೆಯಲ್ಲಿ ಶಾಲೆಯ ಖಾಲಿ ಕೋಣೆಯೊಂದರ ಕಿಟಕಿ ಬಾಗಿಲು ಹಾಕಿಕೊಂಡು ರೆಕಾರ್ಡ್ ಮಾಡಿದೆವು. 'ನದಿಗೆ ನೀರನ್ನು ಬಿಡುಗಡೆ ಮಾಡಲಾಗುತ್ತಿದೆ, ಸಾರ್ವಜನಿಕರು ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು' ಎಂದು ನಾನು ಬರೆದುಕೊಂಡು ಹೋಗಿದ್ದೆ. ಟೀಚರ್ ಓದಿ ನೋಡಿ ಹಾಳೆಯನ್ನು ಮೇಜಿನ ಮೇಲಿಟ್ಟರು.

"ಇದನ್ನ ಕೇಳಿ ಯಾರೂ ಏಳಲ್ಲಮ್ಮ. ಏನೋ ಸರ್ಕಾರದ್ದು ಅಂತ ಬಟ್ಟೆ ಒಗೀತಾ ಇರ್ತಾರೆ," ಎಂದು ಮೈಕನ್ನು ಹತ್ತಿರ ಎಳೆದುಕೊಂಡು ತಾವೇ ಹೇಳಿದರು: "ಹೊಳೇಲಿರೋರೆಲ್ಲ ದಡಕ್ಕೆ ಬನ್ನಿ. ನೀರು ಬರ್ತಾ ಇದೆ. ಬಟ್ಟೆ ಬಿಟ್ಟು ಬನ್ನಿ. ಮಕ್ಕಳನ್ನ ಕರ್ಕೊಂಡು ಬನ್ನಿ. ಏಳಿ, ಏಳಿ."

ಒಂದೇ ಸಲಕ್ಕೆ ಮುಗಿಯಿತು, ಎರಡನೆಯ ಸಲ ಬೇಕಾಗಲಿಲ್ಲ.

ಟೀಚರ್ ಆಷಾಢದಲ್ಲಿ ತೀರಿಕೊಂಡರು. ಹೊಳೆನರಸೀಪುರದ ಬಸ್ಸಿಗೆ ಕಾಯುತ್ತ ಶಾಲೆಯ ಜಗಲಿಯ ಮೇಲೆ ಕೂತಿದ್ದವರು ಎದೆ ಹಿಡಿದುಕೊಂಡರಂತೆ, ಅಷ್ಟೇ. ಅವರ ಗಂಡ ಸುಬ್ಬರಾಯರು ಹೊಳೆಯ ಪಕ್ಕದ ಈಶ್ವರನ ಗುಡಿಯ ಅರ್ಚಕರು. ಮಾತು ಕಡಿಮೆ. ಒಬ್ಬಳೇ ಮಗಳು, ಅರಕಲಗೂಡಿಗೆ ಕೊಟ್ಟಿದ್ದರು. ವೈಕುಂಠ ಸಮಾರಾಧನೆ ಕಳೆದ ಮೇಲೆ ನಾನು ಹೋಗಿ, ಬೇರೆ ಯಾರದಾದರೂ ದನಿ ಹಾಕಿಸಬೇಕೇ ಎಂದು ಕೇಳಿದೆ.

"ಬೇಡಮ್ಮ, ಇರಲಿ ಬಿಡಿ," ಎಂದರು ರಾಯರು. "ಜನಕ್ಕೆ ಅದು ಗುರುತಾಗಿದೆ."

ಅದಾದ ಕೆಲವು ದಿನಕ್ಕೆ ಮೊದಲ ಸಲ ಅದು ನಡೆಯಿತು. ಬೆಳಗಿನಿಂದ ಜಿಟಿಜಿಟಿ ಮಳೆ. ಮಧ್ಯಾಹ್ನ ಮೋಡ ಹರಿದು ಬಿಸಿಲು ಬಿತ್ತು. ಬಸವರಾಜು ಅವರ ಮನೆಯಲ್ಲಿ ನಾನು ಊಟಕ್ಕೆ ಕೂತಿದ್ದೆ. ಹೊಳೆಯ ಕಡೆಯಿಂದ ಜಯಲಕ್ಷ್ಮಿ ಟೀಚರ ದನಿ ಕೇಳಿಸಿತು. ಹತ್ತಿರದ ಕಂಬ ಮೊದಲು, ದೂರದ್ದು ಅದರ ಹಿಂದೆ, ಇನ್ನೂ ದೂರದ್ದು ಇನ್ನೂ ಹಿಂದೆ. ಒಬ್ಬರೇ ಹೆಂಗಸು ಹೊಳೆಯುದ್ದಕ್ಕೂ ಕೂಗುತ್ತ ನಡೆದುಹೋದ ಹಾಗೆ.

ಬಸವರಾಜು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟರು. "ಮಿಷನ್ನು ನಿಂತದೆ ಮೇಡಂ. ಯಾರು ಕೂಗ್ಸುದ್ರು ಇದ್ನ?"

ಇಬ್ಬರೂ ಪವರ್‌ಹೌಸಿಗೆ ಓಡಿದೆವು. ಅಲ್ಲಿ ಯಾರೂ ಇರಲಿಲ್ಲ. ಪ್ರೋಗ್ರಾಮನ್ನು ಮುಚ್ಚಲಾಗಿತ್ತು. ಪರದೆಯ ಮೇಲೆ ನೀಲಿ ಬಣ್ಣ ಬಿಟ್ಟರೆ ಏನಿಲ್ಲ.

"ನೋಡಿ, ಪಾಳಿ ಮುಗೀತು ಅಂತ ನಾನೇ ಮುಚ್ಬುಟ್ ಬಂದಿವ್ನಿ," ಎಂದರು ಬಸವರಾಜು. ನಾವು ನೋಡುತ್ತ ನಿಂತಿರುವಾಗಲೇ ಹೊರಗೆ ಮತ್ತೊಂದು ಸಲ, "ಮಕ್ಕಳನ್ನ ಕರ್ಕೊಂಡು ಬನ್ನಿ. ಏಳಿ, ಏಳಿ," ಎಂದಿತು. ಆಮೇಲೆ ಸದ್ದಿಲ್ಲ. ನಾನು ಕಂಪ್ಯೂಟರಿನಲ್ಲಿ ತಡಕಾಡಿದೆ. ನಮ್ಮ ಪ್ರೋಗ್ರಾಮು ನಡೆಯುತ್ತಿದ್ದ ಗುರುತೇ ಇರಲಿಲ್ಲ.

ವಾರದೊಳಗೆ ಮತ್ತೆ ಬಂತು. ಆಮೇಲೆ ಮತ್ತೆ. ದಿನವೂ ಅಲ್ಲ, ಬಂದಾಗಲೆಲ್ಲ ಹೆಚ್ಚುಕಡಿಮೆ ಮಧ್ಯಾಹ್ನದ ಹೊತ್ತಿಗೇ, ಬಿಸಿಲು ಇಣುಕಿದಾಗ. ಹೊಳೆಯಲ್ಲಿ ನೀರು ಏರುತ್ತಿರಲಿಲ್ಲ. ಒಂದು ದಿನ ನಾನು ಮೇಗಲಹಳ್ಳಿಯ ಶಾಲೆಯ ಮುಂದೆ ಹಾದುಹೋಗುತ್ತಿದ್ದಾಗ ದನಿ ಬಂತು. ಒಳಗೆ ಪಾಠ ನಡೆಯುತ್ತಿತ್ತು. ಒಂದನೇ ತರಗತಿಯ ಮಕ್ಕಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಸಾಲಾಗಿ ಹೊರಗೆ ಬಂದರು. ಗಲಾಟೆ ಇಲ್ಲ, ನಗುವಿಲ್ಲ. ಹೊಸ ಮೇಷ್ಟ್ರು ಬಾಗಿಲಲ್ಲಿ ನಿಂತು, "ಎಲ್ಲಿಗ್ರೋ?" ಎಂದರೆ, ಮುಂದಿದ್ದ ಹುಡುಗಿ, "ಟೀಚರ್ ಬರಕ್ಕೇಳುದ್ರು ಸಾ," ಎಂದಳು. ಅವರೆಲ್ಲ ಹೊಳೆಯ ಕಡೆ ಮುಖ ಮಾಡಿ ಅಂಗಳದಲ್ಲಿ ನಿಂತಿದ್ದರು. ಅವರನ್ನು ಒಳಗೆ ಕರೆದುಕೊಳ್ಳಲು ಮೇಷ್ಟ್ರಿಗೆ ಬಹಳ ಹೊತ್ತು ಬೇಕಾಯಿತು.

ಗುಡಿಯ ಪಕ್ಕದ ಕಂಬದ ಬುಡದಲ್ಲಿ ಅರಿಶಿನ, ಕುಂಕುಮ, ಕಣಗಿಲೆ ಹೂವು ಕಾಣಿಸತೊಡಗಿದವು. ಬಟ್ಟೆ ಒಗೆಯಲು ಬರುತ್ತಿದ್ದ ಪುಟ್ಟಮ್ಮ ಎಂಬಾಕೆ ಮೊದಲು ಕಂಬಕ್ಕೆ ಕೈಮುಗಿದು ಆಮೇಲೆ ನೀರಿಗೆ ಇಳಿಯುತ್ತಿದ್ದಳು. "ನಮ್ಮನ್ ನೋಡ್ಕತಾ ಅವ್ರೆ ಕಣವ್ವ ಟೀಚರಮ್ಮ," ಎಂದು ನನಗೇ ಸಮಾಧಾನ ಹೇಳಿದಳು.

ನನಗೆ ಹೆಚ್ಚು ಭಯ ತಂದದ್ದು ಸುಬ್ಬರಾಯರ ವಿಷಯ. ಮುಂಚೆ ಅವರು ಬೆಳಿಗ್ಗೆ ಮಿಂದು, ಪೂಜೆ ಮುಗಿಸಿ ಮನೆಗೆ ಹೋಗುತ್ತಿದ್ದರು. ಈಗ ಪೂಜೆ ಆದ ಮೇಲೆ ಮತ್ತೆ ಹೊಳೆಗಿಳಿದು, ಕಲ್ಲಿಂದ ಕಲ್ಲಿಗೆ ದಾಟಿ, ನಡುವಿನ ದೊಡ್ಡ ಬಂಡೆಯ ಮೇಲೆ ಹೋಗಿ ಕೂರುತ್ತಿದ್ದರು. ಮಗಳು ಅರಕಲಗೂಡಿನಿಂದ ಬಂದು ಕರೆದುಕೊಂಡು ಹೋಗಲು ನೋಡಿದಳು. ಬರಲಿಲ್ಲ. ಅವಳು ನನ್ನ ಕೋಣೆಗೆ ಬಂದು ಅತ್ತಳು.

"ಅಮ್ಮ ಕರೆಯೋವರೆಗೂ ದಡಕ್ಕೆ ಬರಲ್ಲ ಅಂತ ಕೂತಿರ್ತಾರೆ. ಅದೇನು ಮಿಷನ್ನೋ, ನಿಲ್ಲಿಸಿಬಿಡಿ ನೀವು."

ನಿಲ್ಲಿಸಿದರೆ ನೀರು ಬಿಡುವಾಗ ಜನಕ್ಕೆ ಹೇಳುವವರಿಲ್ಲ. ಹಾಸನಕ್ಕೆ ಫೋನ್ ಮಾಡಿ ನಮ್ಮ ಆಫೀಸಿನ ಗಣೇಶನಿಗೆ ಎಲ್ಲ ಹೇಳಿದೆ. ಪ್ರೋಗ್ರಾಮಿನ ಮುಖ್ಯ ಭಾಗ ನಾನು ಬರೆದದ್ದು. ಕಂಬಗಳಿಗೆ ಮಾತು ಕಳಿಸುವ ಭಾಗವನ್ನು ಗಣೇಶ ಬೇರೆಯೇ ಒಂದು ಲೈಬ್ರರಿಯಾಗಿ ಬರೆದಿದ್ದ. ಲೈಬ್ರರಿ ಎಂದರೆ ಯಾವ ಪ್ರೋಗ್ರಾಮು ಬೇಕಾದರೂ ಕರೆದು ಕೆಲಸ ಹೇಳಬಹುದಾದ ಸಿದ್ಧ ತುಂಡು. "ನಾನಿಲ್ಲಿ ಎಷ್ಟು ಸಲ ಓಡಿಸಿ ನೋಡಿದೀನಿ ಸುಮಾ. ಹೇಳಿದಾಗ ಮಾತಾಡುತ್ತೆ, ಇಲ್ಲದಿದ್ರೆ ಸುಮ್ನಿರುತ್ತೆ," ಎಂದ. ಅವನ ಮೇಜಿನ ಮೇಲೆ ಅದು ಹಾಗೇ ಇತ್ತು. ಹೊಳೆಯ ದಂಡೆಯಲ್ಲಿ ಹಾಗಿರಲಿಲ್ಲ.

ಶ್ರಾವಣದಲ್ಲಿ ಒಂದು ವಾರ ಸೂರ್ಯನ ಮುಖ ಕಾಣಲಿಲ್ಲ. ಆ ವಾರದ ಕೊನೆಗೆ ನಾನು ಗುಡಿಯ ಪಕ್ಕದ ಕಂಬ ಪರೀಕ್ಷಿಸಲು ಹೋಗಿದ್ದೆ. ಕೈಯಲ್ಲಿ ವಾಕಿಟಾಕಿ. ಕೆಳಗೆ ಪುಟ್ಟಮ್ಮ ಮತ್ತು ಇನ್ನೂ ಕೆಲವು ಹೆಂಗಸರು ನೀರಿನಲ್ಲಿದ್ದರು. ನಡುಬಂಡೆಯ ಮೇಲೆ ರಾಯರು. ವಾಕಿಟಾಕಿಯಲ್ಲಿ ಬಸವರಾಜು ದನಿ ಬಂತು.

"ಮಿಷನ್ ಸ್ಟಾರ್ಟ್ ಮಾಡ್ದೆ ಮೇಡಂ. ಅಲ್ಲಿ ಕೂಗ್ತಾ?"

"ಇಲ್ವಲ್ಲ. ಏನೂ ಕೂಗಲಿಲ್ಲ."

"ಇಲ್ಲಿ ಕೂಗಾಯ್ತು ಅಂತ ತೋರುಸ್ತಾ ಅದೆ."

ನಾನು ಕಂಬವನ್ನು ನೋಡಿದೆ. ಹಾರ್ನು ಬಾಯಿ ತೆರೆದುಕೊಂಡು ಸುಮ್ಮನಿತ್ತು. ಬಸವರಾಜುಗೆ ನಿಲ್ಲಿಸಿ ಎಂದು ಹೇಳಿ, ಮೆಟ್ಟಿಲಿಳಿಯುತ್ತ ಹೆಂಗಸರಿಗೆ ಕೂಗಿದೆ. "ಮೇಲೆ ಬನ್ನಿ, ನೀರು ಬಿಟ್ಟಿದಾರೆ."

ಅವರು ನನ್ನನ್ನು ನೋಡಲಿಲ್ಲ. ಎಲ್ಲರೂ ತಲೆಯೆತ್ತಿ ಕಂಬವನ್ನು ನೋಡಿದರು.

"ಟೀಚರಮ್ಮ ಕೂಗಿಲ್ವಲ್ಲವ್ವ," ಎಂದಳು ಪುಟ್ಟಮ್ಮ ಶಾಂತವಾಗಿ. "ನೀರ್ ಬರಾಕಿಲ್ಲ. ಬಂದಿದ್ರೆ ಕೂಗೋರು."

ನಾನು ನೀರಿಗಿಳಿದು ಅವಳ ರಟ್ಟೆ ಹಿಡಿದೆಳೆದೆ. ಅಷ್ಟರಲ್ಲಿ ಅವಳಿಗೇ ಕಾಲಿನ ಹತ್ತಿರ ತಣ್ಣಗಿನ ಎಳೆತ ತಿಳಿಯಿತು. ಸೀರೆ ಎತ್ತಿಕಟ್ಟಿ ಉಳಿದವರನ್ನು ದಬ್ಬಿಕೊಂಡು ಮೆಟ್ಟಿಲು ಹತ್ತಿದಳು. ನೀರು ಸದ್ದು ಮಾಡದೆ ಏರಿತು. ನೊರೆಯಿಲ್ಲ, ಭೋರ್ಗರೆತವಿಲ್ಲ. ಒಗೆಯುವ ಕಲ್ಲುಗಳು ಒಂದೊಂದಾಗಿ ಮುಳುಗಿದವು. ಒಗೆದಿಟ್ಟಿದ್ದ ಬಟ್ಟೆ ತೇಲಿಹೋಯಿತು.

ನಡುಬಂಡೆ ಮುಳುಗುವಂಥದ್ದಲ್ಲ. "ರಾಯರೇ, ಅಲ್ಲೇ ಇರಿ, ನೀರು ಇಳಿಯುತ್ತೆ," ಎಂದು ಕೂಗಿದೆ. ಅವರು ಕೈಯೆತ್ತಿ ಸರಿ ಎಂಬಂತೆ ಅಲ್ಲಾಡಿಸಿದರು. ಯಂತ್ರವನ್ನು ಬಸವರಾಜು ಆಗಲೇ ನಿಲ್ಲಿಸಿದ್ದರು. ಇನ್ನು ಕಾದರೆ ಆಯಿತು.

ಆಗ ಮೋಡ ಸರಿಯಿತು. ಒದ್ದೆ ಮೆಟ್ಟಿಲುಗಳ ಮೇಲೆ ಬಿಸಿಲು ಹರಿದು ಬಂತು. ನಮ್ಮ ತಲೆಯ ಮೇಲೆ ಕಂಬ ಒಮ್ಮೆ ಗೊರಗೊರ ಎಂದು, ಮಾತಾಡಿತು.

"ಹೊಳೇಲಿರೋರೆಲ್ಲ ದಡಕ್ಕೆ ಬನ್ನಿ."

ರಾಯರು ಎದ್ದು ನಿಂತರು. ಅವರ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ಯಾವ ಗಾಬರಿಯೂ ಇರಲಿಲ್ಲ. ಪಂಚೆ ಮೇಲೆತ್ತಿ ಕಟ್ಟಿ, ಮೊದಲಾಗಿದ್ದರೆ ಕಲ್ಲು ಇರುತ್ತಿದ್ದ ಜಾಗಕ್ಕೆ ಕಾಲಿಟ್ಟರು. ನಾನು ಬೇಡ ಬೇಡ ಎಂದು ಅರಚಿದೆ. ನನ್ನ ದನಿಯ ಮೇಲೆ, "ಏಳಿ, ಏಳಿ," ಎಂದು ಅವರ ಹೆಂಡತಿಯ ದನಿ ಬಿತ್ತು. ಅವರು ಎದೆಯುದ್ದಕ್ಕೆ ಇಳಿದು, ತೇಲಿ, ಪಕ್ಕಕ್ಕೆ ಹೊರಳಿದರು.

ಪುಟ್ಟಮ್ಮ ದಂಡೆಗುಂಟ ಕೆಳಕ್ಕೆ ಓಡಿದಳು. ಹೊಳೆ ತಿರುಗುವಲ್ಲಿ ಒಂದು ನೀರಂಜಿ ಮರ ಬಾಗಿತ್ತು. ಅವಳು ಅದರ ಕೊಂಬೆ ಹಿಡಿದು ನೀರಿಗಿಳಿದಳು. ಹಿಂದಿನಿಂದ ನಾವು ಅವಳ ಸೆರಗನ್ನೂ ಸೊಂಟವನ್ನೂ ಹಿಡಿದುಕೊಂಡೆವು. ರಾಯರು ಹತ್ತಿರ ಬಂದಾಗ ಅವರ ಜನಿವಾರವೋ ಪಂಚೆಯೋ ಅವಳ ಕೈಗೆ ಸಿಕ್ಕಿತು. ಎಳೆದುಹಾಕಿದೆವು. ಮೊಣಕೈ ಒಡೆದಿತ್ತು, ತುಂಬ ನೀರು ಕುಡಿದಿದ್ದರು. ಕೆಮ್ಮು ನಿಂತ ಮೇಲೆ ಮೊದಲು ಆಡಿದ ಮಾತು, "ಕರೆದಳಲ್ಲ," ಎಂದು.

ಅವತ್ತೇ ಕಂಬಗಳ ಏರ್ಪಾಡು ನಿಲ್ಲಿಸಿದೆವು. ಯಂತ್ರ ಶುರುಮಾಡುವ ಮುಂಚೆ ಬಸವರಾಜು ಮತ್ತು ನಾನು ದಂಡೆಗೆ ಹೋಗಿ ತಮಟೆ ಬಡಿಸುತ್ತಿದ್ದೆವು. ಗಣೇಶ ಹಾಸನದಿಂದ ಬಂದ. ಇಬ್ಬರೂ ಪವರ್‌ಹೌಸಿನಲ್ಲಿ ಕೂತು, ಕಂಬಗಳ ಹಾರ್ನಿನ ತಂತಿ ಬಿಚ್ಚಿಸಿ, ಎಲ್ಲವನ್ನೂ ಮೊದಲಿನಂತೆಯೇ ನಡೆಸಿದೆವು. ಮೋಡ ಕವಿದ ಒಂದು ಬೆಳಿಗ್ಗೆ, "ಈಗ ಮುಚ್ಚಿ," ಎಂದು ಬಸವರಾಜುಗೆ ಹೇಳಿ, ಮುಚ್ಚಿದ ಕೂಡಲೇ ಕಂಪ್ಯೂಟರಿನಲ್ಲಿ ಏನೇನು ನಡೆಯುತ್ತಿದೆ ಎಂದು ತೆರೆದು ನೋಡಿದೆ. ಪರದೆಯ ಮೇಲೆ ನಮ್ಮ ಪ್ರೋಗ್ರಾಮಿನ ಕಿಟಕಿ ಇರಲಿಲ್ಲ. ಒಳಗೆ ಅದರ ಹೆಸರು ಇತ್ತು. ಕಾಣದ ಹಾಗೆ ಬದುಕಿಕೊಂಡಿತ್ತು. ಗಣೇಶ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡದ್ದು ನನಗೆ ಈಗಲೂ ನೆನಪಿದೆ.

ಆದದ್ದು ಇಷ್ಟು. ಮಾತು ಕಳಿಸುವುದು ನಿಧಾನದ ಕೆಲಸವಾದ್ದರಿಂದ ಗಣೇಶನ ಲೈಬ್ರರಿ ತನ್ನೊಳಗೇ ಒಂದು ಥ್ರೆಡ್ ಹುಟ್ಟಿಸುತ್ತಿತ್ತು. ಥ್ರೆಡ್ ಎಂದರೆ ಮುಖ್ಯ ಪ್ರೋಗ್ರಾಮಿನ ಜೊತೆಜೊತೆಗೇ, ಆದರೆ ತನ್ನ ಪಾಡಿಗೆ ನಡೆಯುವ ಕೆಲಸದ ಎಳೆ. ನನ್ನ ಪ್ರೋಗ್ರಾಮು ಅದಕ್ಕೆ ಮಾತನ್ನು ಒಪ್ಪಿಸಿ, ಒಪ್ಪಿಸಿದ್ದನ್ನೇ ಮುಗಿದದ್ದೆಂದು ಪರದೆಯ ಮೇಲೆ ತೋರಿಸುತ್ತಿತ್ತು. ಮೋಡವಿದ್ದಾಗ ಕಂಬಗಳ ಬ್ಯಾಟರಿ ಇಳಿದು ಅವು ಉತ್ತರ ಕೊಡುತ್ತಿರಲಿಲ್ಲ. ಥ್ರೆಡ್ ಮಾತನ್ನು ಹಿಡಿದುಕೊಂಡು ಕಾಯುತ್ತಿತ್ತು. ಮಳೆಯ ಬೆಳಿಗ್ಗೆ ಹೊಳೆಯಲ್ಲಿ ಜನವಿರುತ್ತಿರಲಿಲ್ಲ, ಕೂಗದೆ ಹೋದದ್ದು ಯಾರಿಗೂ ತಿಳಿದಿರಲಿಲ್ಲ. ಅಷ್ಟರಲ್ಲಿ ಪಾಳಿ ಮುಗಿದು ಬಸವರಾಜು ಪ್ರೋಗ್ರಾಮು ಮುಚ್ಚುತ್ತಿದ್ದರು. ಕಿಟಕಿ ಹೋಗುತ್ತಿತ್ತು, ಥ್ರೆಡ್ ಹೋಗುತ್ತಿರಲಿಲ್ಲ. ಅದೊಂದು ಇದೆ ಎಂದೇ ನನ್ನ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಬಿಸಿಲು ಬಿದ್ದು ಕಂಬಗಳು ಎಚ್ಚೆತ್ತಾಗ, ಯಾವಾಗಿನದೋ ಎಚ್ಚರಿಕೆಯನ್ನು ಹೇಳಿ ಮುಗಿಸಿ, ಥ್ರೆಡ್ ತಾನೇ ಅಳಿದುಹೋಗುತ್ತಿತ್ತು. ಆದ್ದರಿಂದಲೇ ನಾವು ಓಡಿಬಂದು ನೋಡಿದಾಗ ಗುರುತು ಸಿಗುತ್ತಿರಲಿಲ್ಲ. ಆ ಶ್ರಾವಣದ ದಿನ ಹಳೆಯ ಥ್ರೆಡ್ ವೈರ್‌ಲೆಸ್ಸನ್ನು ಹಿಡಿದುಕೊಂಡಿದ್ದರಿಂದ ಹೊಸದಾಗಿ ತೆರೆದ ಪ್ರೋಗ್ರಾಮಿನ ಮಾತು ಹೊರಗೆ ಹೋಗಲಿಲ್ಲ. ಹಳೆಯದು ಮಾತಾಡಿದ್ದು ನೀರು ಬಂದ ಮೇಲೆ.

ಕಾರಣ ತಿಳಿದ ಮೇಲೆ ಭಯ ಹೋಗಬೇಕಿತ್ತು. ಹೋಗಲಿಲ್ಲ.

"ಮುಚ್ಚುವಾಗ ಥ್ರೆಡ್ಡನ್ನ ಅಲ್ಲೇ ಕೊಂದುಬಿಟ್ಟರಾಯ್ತು," ಎಂದ ಗಣೇಶ. ಹಾಗೆ ಮಾಡಿದರೆ ವೈರ್‌ಲೆಸ್ಸು ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಮತ್ತೆ ತೆರೆಯುತ್ತಿರಲಿಲ್ಲ. ಬೇರೆ ದಾರಿ ನೋಡಿದೆವು. ಪ್ರೋಗ್ರಾಮು ಮುಚ್ಚುವಾಗ ಲೈಬ್ರರಿಯನ್ನು ಕಂಪ್ಯೂಟರಿನ ನೆನಪಿನಿಂದ ಕೆಳಗಿಳಿಸುವ ಹೊತ್ತಿಗೆ ತಾನಾಗಿ ನಡೆಯುವ ಒಂದು ಭಾಗ ಅದರಲ್ಲಿರುತ್ತದೆ. ಅಲ್ಲಿ, ಥ್ರೆಡ್ ಮುಗಿಯುವವರೆಗೆ ಕಾಯಬೇಕು ಎಂದು ಬರೆದೆವು. ಕಂಪ್ಯೂಟರ್ ಕಲ್ಲಾಯಿತು. ಇಳಿಸುವಾಗ ಬೇರೆ ಯಾವುದೂ ನಡುವೆ ಬಾರದಂತೆ ಕಂಪ್ಯೂಟರು ಒಂದು ಬೀಗ ಹಾಕಿಕೊಂಡಿರುತ್ತದೆ. ಥ್ರೆಡ್ ಹೊರಗೆ ಹೋಗಬೇಕಾದರೂ ಅದೇ ಬೀಗ ಬೇಕು. ಇದು ಹೋಗಲಿ ಎಂದು ಅದು, ಅದು ಬಿಡಲಿ ಎಂದು ಇದು, ಎರಡೂ ಕಾಯುತ್ತ ಕೂತವು. ಸಂಜೆಯವರೆಗೂ ಪರದೆ ಅಲುಗಲಿಲ್ಲ.

ಆ ದಿನಗಳಲ್ಲೊಮ್ಮೆ ಸುಬ್ಬರಾಯರು ಕೈಗೆ ಪಟ್ಟಿ ಕಟ್ಟಿಕೊಂಡು ಪವರ್‌ಹೌಸಿಗೆ ಬಂದರು. ನಾನು ಎಲ್ಲವನ್ನೂ ನನಗೆ ತಿಳಿದ ಹಾಗೆ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡರು.

"ಇನ್ನೂ ಒಳಗೆ ಉಳಿದಿದೆಯೇನಮ್ಮ, ಹೇಳದೆ ಇರೋದು?"

"ಒಂದು ಇದೆ ರಾಯರೇ. ಇವತ್ತು ಬೆಳಗ್ಗೇದು."

"ನಿಲ್ಲಿಸಲೇಬೇಕು, ನಂಗೊತ್ತು. ಜನ ಸಾಯಬಾರದು. ಆದ್ರೆ ಮಾತಿನ ನಡುವೆ ಕತ್ತರಿಸಬೇಡಿ. ಹೇಳೋದು ಹೇಳಿ ಮುಗಿಸಲಿ." ಕೈಯ ಪಟ್ಟಿ ಸರಿಮಾಡಿಕೊಳ್ಳುತ್ತ, "ಅವತ್ತು ಜಗಲಿ ಮೇಲೆ ಅವಳಿಗೆ ಏನೋ ಹೇಳಬೇಕಿತ್ತಂತೆ. ಅರ್ಧದಲ್ಲೇ ಹೋಯ್ತು," ಎಂದರು.

ಗಣೇಶ ನನ್ನ ಮುಖ ನೋಡಿದ. ಆಮೇಲೆ ನಾವು ಮಾಡಿದ್ದು ಸರಳವಾದದ್ದು. ಮುಚ್ಚುವ ಮುಂಚೆ, ಲೈಬ್ರರಿ ಇನ್ನೂ ಎದ್ದಿರುವಾಗಲೇ, ಮುಖ್ಯ ಪ್ರೋಗ್ರಾಮೇ ಅದಕ್ಕೆ 'ಇನ್ನು ಸಾಕು' ಎಂದು ಹೇಳಬೇಕು. ಥ್ರೆಡ್ ಹೊಸದನ್ನು ತೆಗೆದುಕೊಳ್ಳದೆ, ಬಾಯಲ್ಲಿರುವ ಮಾತನ್ನು ಮುಗಿಸಿ, ಬಾಕಿ ಹಳೆಯದನ್ನು ಬಿಟ್ಟು, 'ಮುಗಿಯಿತು' ಎನ್ನಬೇಕು. ಅದು ಹಾಗೆನ್ನುವವರೆಗೂ ಮುಖ್ಯ ಪ್ರೋಗ್ರಾಮು ಕಾಯಬೇಕು. ಆಮೇಲೆಯೇ ಲೈಬ್ರರಿಯನ್ನು ಬಿಡಬೇಕು. ಜೊತೆಗೆ, ಕಂಬ ನಿಜವಾಗಿ ಮಾತಾಡಿದೆ ಎಂದು ಉತ್ತರ ಬರುವ ತನಕ ಯಂತ್ರ ಶುರುವಾಗದಂತೆ ಮಾಡಿದೆವು.

ಹೊಸದನ್ನು ಹಾಕುವ ಮುಂಚೆ ಒಳಗೆ ಉಳಿದಿದ್ದ ಆ ಹಳೆಯದನ್ನು ನಾವು ಮುಟ್ಟಲಿಲ್ಲ. ಊರಿಗೆಲ್ಲ ಹೇಳಿ, ಹೊಳೆಗೆ ಯಾರೂ ಇಳಿಯದಂತೆ ಬಸವರಾಜು ಅವರನ್ನು ಕಾವಲಿಗೆ ನಿಲ್ಲಿಸಿ, ಗುಡಿಯ ಕಂಬದ ತಂತಿ ಮಾತ್ರ ಸಿಕ್ಕಿಸಿದೆವು. ಮಧ್ಯಾಹ್ನ ಬಿಸಿಲು ಬಂತು. ರಾಯರು ಮೆಟ್ಟಿಲ ಮೇಲೆ ಕೂತಿದ್ದರು. ದನಿ ಬಂದು, ಮೊದಲಿನಿಂದ ಕೊನೆಯವರೆಗೆ ಹೇಳಿ, ನಿಂತಿತು. ಪವರ್‌ಹೌಸಿನಿಂದ ಗಣೇಶ ವಾಕಿಟಾಕಿಯಲ್ಲಿ, "ಹೋಯ್ತು," ಎಂದ. ಪುಟ್ಟಮ್ಮ ಮೆಲ್ಲಗೆ ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಆಮೇಲೆ ಆ ಮಳೆಗಾಲವಿಡೀ ನೀರು ಬರುವಾಗ ಮಾತ್ರ ದನಿ ಬಂತು. ದನಿ ಬದಲಾಯಿಸಬೇಡಿ ಎಂದು ಊರಿನವರೇ ಹಟ ಹಿಡಿದಿದ್ದರು. ರಾಯರು ಬಂಡೆಗೆ ಹೋಗುವುದನ್ನು ಬಿಟ್ಟರು. ದಸರೆಯ ಹೊತ್ತಿಗೆ ನನ್ನ ಕೆಲಸ ಮುಗಿಯಿತು. ಹಾಸನಕ್ಕೆ ಹೊರಟ ದಿನ ಗುಡಿಗೆ ಹೋಗಿ ಕೈಮುಗಿದೆ. ರಾಯರು ಮಂಗಳಾರತಿ ಕೊಟ್ಟು, ಬಸ್ಸಿನವರೆಗೂ ಜೊತೆಗೆ ಬಂದರು. ಬಸ್ಸು ಕಣ್ಣಿಗೆ ಬಿದ್ದಾಗ ಕೇಳಿದರು.

"ಅವತ್ತು ನಾನು ಬಂಡೆ ಮೇಲಿದ್ದಾಗ ಕೂಗಿದ್ದು, ಅದು ನನಗೆ ಅಂತ ಕೂಗಿದ್ದಲ್ಲ, ಅಲ್ವೇನಮ್ಮ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅಲ್ಲ ರಾಯರೇ. ಯಾವತ್ತಿನದೋ ಹಳೆಯದು. ತಡವಾಗಿ ಬಂತು."

ಅವರು ತಲೆದೂಗಿದರು. "ಮೂವತ್ತು ವರ್ಷ ಅವಳು ಊಟಕ್ಕೆ ಕೂಗೋಳು, ನಾನು ಬಂದೆ ಬಂದೆ ಅಂತ ಗುಡೀಲೇ ಕೂತಿರ್ತಿದ್ದೆ. ಅನ್ನ ಆರಿಹೋಗೋದು." ಬಸ್ಸು ಬಂದು ನಿಂತಿತು. ನನ್ನ ಚೀಲವನ್ನು ಪೆಟ್ಟಾಗದ ಎಡಗೈಯಿಂದ ಎತ್ತಿಕೊಟ್ಟು ಹೇಳಿದರು, "ಅವತ್ತೊಂದು ದಿನ ಕೂಗಿದ ತಕ್ಷಣ ಎದ್ದೆ."